ಬಂಡೆಯೊಳಗಿನ ಪೊಳ್ಳು

(ಕೋಲಾರದ ಎಲೆಮೂಗಿನ ಬಾವಲಿ ಕುರಿತು ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಹೆಚ್ಚು ತಿದ್ದಲು ಹೋಗಿಲ್ಲ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮುಂಚೆ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ, ಭೌತಶಾಸ್ತ್ರದ ಮೇಷ್ಟ್ರು. ಡಾಪ್ಲರ್ ಪರಿಣಾಮ, ಅಂದರೆ ಸದ್ದು ಮಾಡುವ ವಸ್ತು ಹತ್ತಿರ ಬರುವಾಗ ದನಿಯ ಶ್ರುತಿ ಏರುವುದು, ದೂರ ಸರಿಯುವಾಗ ಇಳಿಯುವುದು. ಅದಕ್ಕೆ ರೈಲಿನ ಸಿಳ್ಳೆ, ಆಂಬುಲೆನ್ಸಿನ ಸೈರನ್ ಅಂತ ಅದೇ ಹಳಸಿದ ಉದಾಹರಣೆ ಕೊಟ್ಟು ವರ್ಷಗಟ್ಟಲೆ ಪಾಠ ಮಾಡಿದವನು. ಒಂದು ದಿನ ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಬಾವಲಿ ಹಾರ್ತಾ ಹಾರ್ತಾ ಕೂಗುತ್ತಲ್ಲ, ಅದಕ್ಕೂ ಹಿಂಗೇ ಆಗುತ್ತಾ?" ಅಂದಳು. ನನಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಕೂತ್ಕೋ ಅಂದೆ. ಆ ನಾಳೆ ಹುಡುಕಿಕೊಂಡು ಹೋದವನು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ನಾನು ಹೇಳಹೊರಟಿರುವುದು ಒಂದೇ ಒಂದು ಬಗೆಯ ಬಾವಲಿಯ ಸಂಗತಿ. ಕನ್ನಡದಲ್ಲಿ ಬಾವಲಿ, ತೊಗಲುಹಕ್ಕಿ, ಕಪ್ಪಟೆ ಅಂತ ಹೆಸರುಗಳೇನೋ ಇವೆ, ಆದರೆ ಅವೆಲ್ಲ ಇಡೀ ಬಳಗಕ್ಕೆ ಸೇರಿದವು. ಪ್ರಪಂಚದಲ್ಲಿ 1,400ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ಸಸ್ತನಿಗಳ ಪಟ್ಟಿ ತೆಗೆದು ಐದು ಹೆಸರು ಓದಿದರೆ ಅದರಲ್ಲೊಂದು ಬಾವಲಿ ಇರುತ್ತದೆ, ಆ ಲೆಕ್ಕ. ಅಷ್ಟರಲ್ಲಿ ಒಂದು ಜಾತಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡುಬಂದಿಲ್ಲ. ಜಿಲ್ಲೆಯಲ್ಲೂ ಒಂದೇ ಊರು, ಹನುಮನಹಳ್ಳಿ. ಊರಲ್ಲೂ ಒಂದೇ ಗುಡ್ಡ. ಗುಡ್ಡದಲ್ಲೂ ಒಂದೇ ಗವಿ.

ಇವುಗಳ ಸಂಖ್ಯೆ ಸುಮಾರು 150ರಿಂದ 200. ನಾನು ಬೇಗ ಬಂದಿದ್ದೆ, ಸುಮ್ಮನೆ ಕೂತು ಈ ಸಭಾಂಗಣದ ಕುರ್ಚಿ ಎಣಿಸಿದೆ. ನೂರ ಎಂಬತ್ತಿವೆ. ಕುರ್ಚಿಗೊಂದರಂತೆ ಕೂರಿಸಿದರೆ ಇಡೀ ಭೂಮಿಯ ಮೇಲಿರುವ ಈ ಜಾತಿ ಹೆಚ್ಚುಕಮ್ಮಿ ಇಲ್ಲೇ ಹಿಡಿಸಿಬಿಡುತ್ತದೆ. ಕೂರುವುದಿಲ್ಲ ಅನ್ನಿ, ಫ್ಯಾನಿಗೆ ಜೋತುಬೀಳುತ್ತವೆ. 2022ರ ಹುಲಿ ಗಣತಿಯಲ್ಲಿ ಕರ್ನಾಟಕದ ಲೆಕ್ಕ 563 ಬಂತು. ಅಯ್ಯೋ ಇಷ್ಟೇನಾ ಅಂತ ನಾವು ಹುಲಿಗೆ ಮರುಗುತ್ತೇವೆ. ಹುಲಿಗೆ ಮರುಗಬೇಡಿ ಅಂತ ನಾನು ಹೇಳುತ್ತಿಲ್ಲ.

ಮೊದಲು ಇದರ ಮುಖ ನೋಡೋಣ. ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿದೆ, ಹೆದರಬೇಡಿ, ನಿಜದಲ್ಲಿ ಇದು ನಿಮ್ಮ ಅಂಗೈಯಲ್ಲಿ ಆರಾಮಾಗಿ ಅಡಗುವ ಪ್ರಾಣಿ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಮೂಳೆ ನಾಲ್ಕು ಸೆಂಟಿಮೀಟರ್ ಆಸುಪಾಸು, ಒಂದು ಬೆಂಕಿಕಡ್ಡಿಯಷ್ಟು. ಕಣ್ಣು ಹುಡುಕಿದರೆ ಸಿಗುತ್ತದೆ. ಕಿವಿ ದೊಡ್ಡದು. ನಡುವೆ ಮೂಗಿನ ಜಾಗದಲ್ಲಿ ಯಾರೋ ಬೆರಳಿನಿಂದ ಒತ್ತಿ ಮಡಚಿಟ್ಟಂತೆ ತೊಗಲಿನ ಎಲೆ. ಕೆಳಗಿನ ಭಾಗ ಅರೆವೃತ್ತ, ಎತ್ತಿನ ಗೊರಸಿಗಲ್ಲ, ಕುದುರೆಗೆ ಹೊಡೆಯುವ ಲಾಳದಂತೆ. ಇವುಗಳ ಕುಲದ ಹೆಸರು ಹಿಪ್ಪೊಸಿಡೆರಾಸ್. ಗ್ರೀಕಿನಲ್ಲಿ ಹಿಪ್ಪೊಸ್ ಅಂದರೆ ಕುದುರೆ, ಸಿಡೆರಾಸ್ ಅಂದರೆ ಕಬ್ಬಿಣ. ಅಲ್ಲಿಗೆ ಲಾಳ ಅಂತಲೇ ಆಯಿತು. ನಮ್ಮ ಬಾವಲಿಯದು ಹಿಪ್ಪೊಸಿಡೆರಾಸ್ ಹೈಪೊಫಿಲಸ್. ಹೈಪೊ ಅಂದರೆ ಕೆಳಗೆ, ಫಿಲಾನ್ ಅಂದರೆ ಎಲೆ. ನನಗೆ ಈ ಹೆಸರು ಇಷ್ಟ. ದೊಡ್ಡ ಮನುಷ್ಯರ ಹೆಸರು ಹೊತ್ತ ಪ್ರಾಣಿಗಳೇ ಜಾಸ್ತಿ, ಇದು ತನ್ನ ಮೂಗಿನ ಹೆಸರನ್ನೇ ಇಟ್ಟುಕೊಂಡಿದೆ.

ನೋಡಲು ಚೆನ್ನಾಗಿಲ್ಲ ಅಂತ ಯಾರೋ ಮುಂದಿನ ಸಾಲಿನಲ್ಲಿ ಅಂದ ಹಾಗಾಯಿತು. ಸರಿ. ಆದರೆ ಇದನ್ನು ಮುಖ ಅಂತ ನೋಡಬೇಡಿ, ಕಹಳೆಯ ಬಾಯಿ ಅಂತ ನೋಡಿ. ಈ ಬಾವಲಿ ಬಾಯಿ ಮುಚ್ಚಿಕೊಂಡೇ ಕೂಗುತ್ತದೆ, ಮೂಗಿನಿಂದ. ಆ ಕೂಗು ಎದುರಿಗಿದ್ದದ್ದಕ್ಕೆ ಬಡಿದು ಮರಳುವ ಪ್ರತಿಧ್ವನಿ ಕೇಳಿಯೇ ಅದು ಕತ್ತಲಲ್ಲಿ ದಾರಿಯನ್ನೂ ಹುಳವನ್ನೂ ಗುರುತಿಸುವುದು. ಹೊರಬಂದ ಶಬ್ದ ಎಲ್ಲ ದಿಕ್ಕಿಗೂ ಚೆಲ್ಲಿ ಹೋಗದಂತೆ ಒಂದು ಕಡೆಗೆ ಒತ್ತರಿಸಿ ಕಳಿಸುವುದು ಆ ಎಲೆಯ ಕೆಲಸ. ಬ್ಯಾಟರಿಯ ಬಲ್ಬಿನ ಹಿಂದೆ ಹೊಳೆಯುವ ಬಟ್ಟಲು ಇರುತ್ತದಲ್ಲ, ಅದರ ಹಾಗೆ.

ಈಗ ಒಂದು ಶಬ್ದ ಕೇಳಿಸುತ್ತೇನೆ. ಇದು ಹನುಮನಹಳ್ಳಿಯದಲ್ಲ. ನಮ್ಮೂರಿನ ಹಾಳು ಮಂಟಪದಲ್ಲಿ ನಾನೇ ಹಿಡಿದದ್ದು, ಅದೇ ಕುಲದ ಇನ್ನೊಂದು ಎಲೆಮೂಗಿನದು. ಇದರ ಕೂಗು ಸುಮಾರು 130 ಕಿಲೋಹರ್ಟ್ಝ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಮೂವತ್ತು ಸಾವಿರ ಕಂಪನ. ಮನುಷ್ಯರ ಕಿವಿಗೆ 20ರ ಮೇಲೆ ಏನೂ ಕೇಳುವುದಿಲ್ಲ. ಹಾಗಾಗಿ ಹತ್ತು ಪಟ್ಟು ನಿಧಾನ ಮಾಡಿದ್ದೇನೆ, 13ಕ್ಕೆ ಇಳಿದಿದೆ. ಕೇಳಿದವರು ಕೈ ಎತ್ತಿ.

(ಇಲ್ಲಿ ಹಿಂದೆ ಕೂತಿದ್ದ ಶಾಲಾ ಮಕ್ಕಳೆಲ್ಲ ಕೈ ಎತ್ತಿದರು. ಮುಂದಿನ ಎರಡು ಸಾಲಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.)

ಬೇಸರ ಮಾಡಿಕೊಳ್ಳಬೇಡಿ, ನನಗೂ ಕೇಳಿಸಲಿಲ್ಲ. ಕೂದಲು ನರೆತವರ ಕಿವಿಯಲ್ಲಿ ಮೊದಲು ಬಾಗಿಲು ಮುಚ್ಚುವುದೇ ಮೇಲಿನ ದನಿಗಳಿಗೆ. ಈಗ ಇಪ್ಪತ್ತು ಪಟ್ಟು ನಿಧಾನ. ಕೇಳಿತಲ್ಲ? ಒಂದೇ ಶ್ರುತಿಯಲ್ಲಿ ಹಿಡಿದ ಟೀ ಅನ್ನುವ ದನಿ, ಕೊನೆಯಲ್ಲಿ ಥಟ್ಟನೆ ಕೆಳಗೆ ಜಾರಿ ಟೀವ್ ಅಂತ ನಿಲ್ಲುತ್ತದೆ. ತಂಬೂರಿ ಮೀಟಿ ಕೊನೆಗೆ ಬೆರಳು ಜಾರಿಸಿದ ಹಾಗೆ. ಎಲೆಮೂಗಿನ ಬಾವಲಿಗಳೆಲ್ಲ ಹೀಗೇ ಹಾಡುವುದು. ಪ್ರತಿಯೊಂದು ಜಾತಿಗೂ ತನ್ನದೇ ಶ್ರುತಿ. ಕೋಲಾರದ್ದು ಸುಮಾರು 104 ಕಿಲೋಹರ್ಟ್ಝ್. ಒಂದೊಂದು ಕೂಗು ಐದಾರು ಮಿಲಿಸೆಕೆಂಡು, ಅಂದರೆ ಒಂದು ಸಲ ಕಣ್ಣು ಮಿಟುಕಿಸುವ ಹೊತ್ತಿನಲ್ಲಿ ಇಂಥ ಹತ್ತಾರು ಕೂಗು ಹಿಡಿಸುತ್ತವೆ.

ಈ ಬಾವಲಿ ಇರುವ ಗವಿಯಲ್ಲೇ ದುರ್ಗಾದಾಸರ ಎಲೆಮೂಗಿನ ಬಾವಲಿ ಅಂತ ಇನ್ನೊಂದಿದೆ. ಅದನ್ನು 1970ರಲ್ಲಿ ಮಧ್ಯಪ್ರದೇಶದ ಜಬಲ್ಪುರದ ಕಡೆಯಿಂದ ಮೊದಲು ವಿವರಿಸಿದ್ದರು, ಬಹಳ ಕಾಲ ಅದು ಆ ಕಡೆಯ ಪ್ರಾಣಿ ಅಂತಲೇ ನಂಬಿಕೆ. ಆಮೇಲೆ ನೋಡಿದರೆ ಕೋಲಾರದಲ್ಲಿ ಬಂದು ಕೂತಿದೆ. ಅದರ ಕೂಗು 170ರ ಹತ್ತಿರ. ಇಬ್ಬರೂ ಒಂದೇ ಮನೆಯವರು, ಶ್ರುತಿ ಬೇರೆ. ಕತ್ತಲಲ್ಲಿ ಮುಖ ನೋಡದೆಯೇ, ಹಿಡಿಯದೆಯೇ, ಇದು ಯಾರು ಅಂತ ಯಂತ್ರ ಇಟ್ಟು ಗುರುತಿಸಲು ಆಗುವುದು ಈ ಕಾರಣಕ್ಕೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಎರಡು ನಿಮಿಷ ಪಾಠ ಸಹಿಸಿಕೊಳ್ಳಿ. 104 ಕಿಲೋಹರ್ಟ್ಝ್ ಶಬ್ದದ ಅಲೆಯ ಉದ್ದ 3.3 ಮಿಲಿಮೀಟರ್. ಎರಡು ಸಾಸಿವೆ ಕಾಳು ಒತ್ತಿಟ್ಟಷ್ಟು. ಅಲೆ ಚಿಕ್ಕದಾದಷ್ಟೂ ಚಿಕ್ಕ ಹುಳ ಅದಕ್ಕೆ ಸಿಗುತ್ತದೆ. ನಮ್ಮ ಮಾತಿನ ಅಲೆ ಅಡಿಗಟ್ಟಲೆ ಉದ್ದ, ಸೊಳ್ಳೆಗೆ ತಾಗಿದರೂ ಅದರ ಸುತ್ತ ಹರಿದುಹೋಗುತ್ತದೆ, ಮರಳಿ ಬರುವುದಿಲ್ಲ. ಆದರೆ ಇದಕ್ಕೊಂದು ಸುಂಕ ಕಟ್ಟಬೇಕು. ಇಷ್ಟು ಎತ್ತರದ ಶಬ್ದವನ್ನು ಗಾಳಿ ಬೇಗ ನುಂಗಿಬಿಡುತ್ತದೆ. ಕೆಲವೇ ಮೀಟರ್ ಹೋಗುವಷ್ಟರಲ್ಲಿ ಸಣ್ಣ ಹುಳದ ಪ್ರತಿಧ್ವನಿ ಕೇಳದಷ್ಟು ಸೊರಗುತ್ತದೆ. ಹಾಗಾಗಿ ಇಂಥ ದನಿಯ ಬಾವಲಿ ಬಯಲಲ್ಲಿ ಎತ್ತರಕ್ಕೆ ಹಾರುವುದಲ್ಲ. ಬಂಡೆಯ ಪಕ್ಕ, ಪೊದೆಯ ಅಂಚು, ಬೇಲಿಸಾಲು ಹಿಡಿದು ತಗ್ಗಿನಲ್ಲಿ ಹಾರುತ್ತದೆ. ಕುರುಡು ದಾರಿಯಲ್ಲಿ ಗೋಡೆ ಸವರಿಕೊಂಡು ನಡೆಯುವ ಹಾಗೆ, ಆದರೆ ಓಡುವ ವೇಗದಲ್ಲಿ. ಸುತ್ತಲಿನ ಪೊದೆಯನ್ನೆಲ್ಲ ಸವರಿ ಬೋಳು ಮಾಡಿದರೆ ಇದಕ್ಕೆ ಹಾರಲು ಜಾಗ ಹೆಚ್ಚಾಯಿತು ಅಂತ ನಮಗೆ ಅನಿಸಬಹುದು. ಇದಕ್ಕೆ ಗೋಡೆ ಬಿದ್ದುಹೋದಂತೆ.

ಹುಡುಗಿಯ ಪ್ರಶ್ನೆಗೆ ಉತ್ತರ: ಹೌದು, ಆಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂಡೆಯ ಕಡೆ ಹಾರುತ್ತಾ 104ರಲ್ಲಿ ಕೂಗಿದರೆ ಪ್ರತಿಧ್ವನಿ 107ಕ್ಕೆ ಏರಿ ಬರುತ್ತದೆ. ಆದರೆ ಇವುಗಳ ಒಳಗಿವಿ ತನ್ನ ಶ್ರುತಿಯ ಆಸುಪಾಸಿಗೆ ಮಾತ್ರ ಬಹಳ ಚುರುಕು, ಅತ್ತಿತ್ತ ಹೋದರೆ ಮಂಕು. ಅದಕ್ಕೆ ಅವು ಮಾಡುವ ಉಪಾಯ ಕೇಳಿ. ಹಾರುವಾಗ ತಮ್ಮ ಕೂಗನ್ನೇ ಅಷ್ಟು ತಗ್ಗಿಸುತ್ತವೆ, ಮರಳಿ ಬರುವಾಗ ಅದು ಸರಿಯಾದ ಶ್ರುತಿಗೆ ಬಂದು ಕೂರಲಿ ಅಂತ. ಇದರಲ್ಲಿ ಲಾಳಮೂಗಿನ ಬಾವಲಿಗಳು ಅನ್ನುವ ಹತ್ತಿರದ ಇನ್ನೊಂದು ಬಳಗ ಎತ್ತಿದ ಕೈ. ಎಲೆಮೂಗಿನವು ಅಷ್ಟು ಕರಾರುವಾಕ್ಕಲ್ಲ, ಆದರೂ ಮಾಡುತ್ತವೆ. ಆ ಹುಡುಗಿ ಈಗ ಎಲ್ಲಿದ್ದಾಳೋ, ಅವಳಿಗೆ ಈ ಉತ್ತರ ಇನ್ನೂ ತಲುಪಿಲ್ಲ.

ಪಾಠ ಮುಗಿಯಿತು. ಗವಿಗೆ ಬರೋಣ.

ಮೇಘಾಲಯದ ಗುಹೆಗಳನ್ನು ನೋಡಿದವರಿರಬಹುದು. ಅಲ್ಲಿ ಸುಣ್ಣಕಲ್ಲು. ನೀರು ಕಲ್ಲನ್ನೇ ಕರಗಿಸಿ ಮೈಲಿಗಟ್ಟಲೆ ಸುರಂಗ ಕೊರೆಯುತ್ತದೆ. ನಮ್ಮದು ಗ್ರಾನೈಟು, ಸುಮಾರು 250 ಕೋಟಿ ವರ್ಷದ ಮುದುಕ. ಇದು ನೀರಿಗೆ ಹಾಗೆ ಕರಗುವುದಿಲ್ಲ. ಬಿಸಿಲಿಗೆ ಹಿಗ್ಗಿ, ರಾತ್ರಿಗೆ ಕುಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರ ಏಳುತ್ತದೆ. ಬಿರುಕಿನಲ್ಲಿ ನೀರು ಕೂತು, ಮಣ್ಣಾಗಿ, ತೊಳೆದು ಹೋಗಿ, ಗುಂಡುಗಳು ಒಂದರ ಮೇಲೊಂದು ನಿಲ್ಲುತ್ತವೆ. ಅವುಗಳ ಸಂದಿನಲ್ಲಿ, ಹಾಸುಬಂಡೆಯ ಅಡಿಯಲ್ಲಿ ಎಲ್ಲೋ ಒಂದು ಪೊಳ್ಳು ಉಳಿಯುತ್ತದೆ. ಕೋಲಾರದ ಮಗ್ಗುಲಲ್ಲೇ ಶತಶೃಂಗ ಬೆಟ್ಟಸಾಲು, ಅಂತರಗಂಗೆ, ತೇರಹಳ್ಳಿ ಎಲ್ಲ ನೋಡಿದ್ದೀರಿ. ಅಲ್ಲಿ ನುಸುಳಿ ಹೋಗುವ ಗವಿಗಳೆಲ್ಲ ಇಂಥವೇ. ಒಂದು ಇನ್ನೊಂದರ ಹಾಗಿರುವುದಿಲ್ಲ. ಒಂದರಲ್ಲಿ ಗಾಳಿ ಹಾಯುತ್ತದೆ, ಒಂದರಲ್ಲಿ ಇಲ್ಲ. ಒಂದು ಮಧ್ಯಾಹ್ನಕ್ಕೆ ಕಾದು ಒಲೆಯಾಗುತ್ತದೆ, ಇನ್ನೊಂದರಲ್ಲಿ ಏಪ್ರಿಲ್ ತಿಂಗಳಲ್ಲೂ ಗೋಡೆ ಮುಟ್ಟಿದರೆ ಕೈ ತಣ್ಣಗೆ ಒದ್ದೆಯಾಗುತ್ತದೆ.

ಹಗಲೆಲ್ಲ ಬಾವಲಿ ಇರುವುದು ಅಲ್ಲಿ. ಅದರ ಮೈಯ ಚರ್ಮದಲ್ಲಿ ಬಹುಪಾಲು ರೆಕ್ಕೆಯದೇ. ಕೂದಲಿಲ್ಲದ, ತೆಳ್ಳನೆಯ, ರಕ್ತನಾಳ ಕಾಣುವ ಚರ್ಮ. ಒಣ ಗಾಳಿ ಬಿದ್ದರೆ ಒದ್ದೆ ಬಟ್ಟೆ ಹರವಿದಂತೆ ಅದರಿಂದ ನೀರು ಆರುತ್ತದೆ. ಅದಕ್ಕೆ ತೇವ ಬೇಕು. ಉಷ್ಣತೆ ಹೆಚ್ಚುಕಮ್ಮಿ ಆಗದ ಜಾಗ ಬೇಕು. ಹಾವು, ಗೂಬೆ ಸುಲಭಕ್ಕೆ ತಲುಪಬಾರದು. ಮೇಲ್ಛಾವಣಿ ಬೆರಳು ಸಿಕ್ಕಿಸುವಷ್ಟು ತರಿತರಿ ಇರಬೇಕು. ಇದಕ್ಕೆ ಕಾಲಿನ ಒಂದೊಂದು ಬೆರಳಿಗೂ ಎರಡೇ ಗೆಣ್ಣು. ಉಗುರು ಸಿಕ್ಕಿಸಿದ ಮೇಲೆ ಮೈಭಾರಕ್ಕೇ ಸ್ನಾಯುರಜ್ಜು ಬಿಗಿದುಕೊಂಡು ಬೀಗ ಬೀಳುತ್ತದೆ. ನೇತಾಡುವುದಕ್ಕೆ ಶ್ರಮವೇ ಇಲ್ಲ. ಬಾವಲಿ ಮನೆಗೆ ನೆಂಟ ಬಂದರೆ ನೀನೂ ಜೋತುಬೀಳು ನಾನೂ ಜೋತುಬೀಳ್ತೀನಿ ಅಂತ ನಮ್ಮ ಕಡೆ ಆಡಿಕೊಳ್ಳುತ್ತಾರೆ, ಬಡತನದ ಮಾತಾಗಿ. ಬಾವಲಿಯ ಪ್ರಕಾರ ಅದೇ ಮೆತ್ತನೆ ಹಾಸಿಗೆ.

ಒಂದು ವಿಚಿತ್ರ ಹೇಳುತ್ತೇನೆ. ಕೆಲವು ಬಾವಲಿಗಳು ಒಂದಕ್ಕೊಂದು ಅಂಟಿ ಗೊಂಚಲಾಗಿ ಮಲಗುತ್ತವೆ. ಎಲೆಮೂಗಿನವು ಹಾಗಲ್ಲ, ಒಂದರಿಂದ ಒಂದು ಗೇಣು ದೂರ. ಚಾವಣಿಯ ತುಂಬ ಅಳೆದು ಮೊಳೆ ಹೊಡೆದಂತೆ ಕಾಣುತ್ತದೆ. ಆಗಾಗ ಒಂದೊಂದು ಮೈ ತಿರುವಿ, ಕಿವಿಯನ್ನು ಪಟಪಟ ಆಡಿಸಿ, ಬಂದವರು ಯಾರು ಅಂತ ಕೂಗಿ ನೋಡುತ್ತದೆ. ನಾನು ಮಂಟಪದಲ್ಲಿ ಹೀಗೆ ಎಷ್ಟೋ ಸಲ ಪರೀಕ್ಷೆಗೆ ಒಳಗಾಗಿದ್ದೇನೆ.

ಮರಿ ವರ್ಷಕ್ಕೆ ಒಂದೇ. ಅದು ತಾಯಿಯನ್ನು ಹಿಡಿದುಕೊಳ್ಳುವ ರೀತಿ ನೋಡಬೇಕು. ಈ ಕುಲದ ಹೆಣ್ಣುಗಳಿಗೆ ಎದೆಯ ಮೇಲಿನ ಮೊಲೆಗಳಲ್ಲದೆ ಕಿಬ್ಬೊಟ್ಟೆಯ ಕೆಳಗೆ ಇನ್ನೊಂದು ಜೊತೆ ಮೊಲೆತೊಟ್ಟು ಇರುತ್ತವೆ. ಅದರಲ್ಲಿ ಹಾಲು ಬರುವುದಿಲ್ಲ. ಮರಿ ಅದನ್ನು ಬಾಯಲ್ಲಿ ಕಚ್ಚಿ, ಕಾಲುಗಳನ್ನು ತಾಯಿಯ ಕತ್ತಿನ ಕಡೆ ಸಿಕ್ಕಿಸಿ, ಅಪ್ಪಿಕೊಂಡುಬಿಡುತ್ತದೆ. ತಾಯಿ ತಲೆಕೆಳಗಾಗಿ ನೇತಾಡುತ್ತಿದೆ, ಮರಿ ಅದಕ್ಕೆ ಉಲ್ಟಾ. ಅಲ್ಲಿಗೆ ಆ ಗವಿಯಲ್ಲಿ ತಲೆ ಮೇಲಾಗಿ ಇರುವುದು ಅದೊಂದೇ. ಹಾಗೇ ಹೊತ್ತು ತಾಯಿ ಹಾರುತ್ತದೆ. ಆ ಹೊತ್ತಿನಲ್ಲಿ ಗವಿಗೆ ಯಾರೋ ಟಾರ್ಚ್ ಹಿಡಿದು ನುಗ್ಗಿದರು, ಕೂಗಿದರು, ಸೊಪ್ಪು ಉರಿಸಿ ಹೊಗೆ ಹಾಕಿದರು ಅನ್ನಿ. ಎಲ್ಲವೂ ಒಟ್ಟಿಗೇ ಏಳುತ್ತವೆ. ಕೆಳಗೆ ಬಿದ್ದ ಮರಿಗೆ ಮೇಲೆ ಹತ್ತುವ ಶಕ್ತಿ ಇರುವುದಿಲ್ಲ. ವರ್ಷಕ್ಕೆ ಒಂದೇ ಮರಿ ಅನ್ನುವ ಲೆಕ್ಕದಲ್ಲಿ ಅಂಥ ಒಂದು ಸಂಜೆ ಬಹಳ ದುಬಾರಿ.

ಈ ಬಾವಲಿ ನಮ್ಮ ಲೆಕ್ಕಕ್ಕೆ ಬಂದದ್ದು ಹೇಗೆ? ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿದ್ದ ಎಚ್.ಆರ್. ಭಟ್ ಮತ್ತು ಜರ್ಮನಿಯ ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ಸಂಗ್ರಹಾಲಯದ ಡೀಟರ್ ಕಾಕ್ ಸೇರಿ ಇದು ಹೊಸ ಜಾತಿ ಅಂತ ವಿವರಿಸಿದರು. ಪ್ರಕಟವಾದದ್ದು 1994ರಲ್ಲಿ. ಆಗ ಎರಡು ಊರುಗಳ ಹೆಸರಿತ್ತು, ಹನುಮನಹಳ್ಳಿ ಮತ್ತು ತೇರಹಳ್ಳಿ. ಆಮೇಲೆ ಇಪ್ಪತ್ತು ವರ್ಷದ ಹತ್ತಿರ ಹೆಚ್ಚು ಸದ್ದಿಲ್ಲ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಅವರ ತಂಡ ಮತ್ತೆ ಬಂದು ಹುಡುಕಿತು. ತೇರಹಳ್ಳಿಯಲ್ಲಿ ಸಿಗಲಿಲ್ಲ. ಹನುಮನಹಳ್ಳಿಯಲ್ಲಿ ಒಂದೇ ಗವಿಯಲ್ಲಿ ಉಳಿದಿತ್ತು. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದನ್ನು 'ಅಳಿವಿನಂಚಿನ' ಮೆಟ್ಟಿಲಿನಿಂದ 'ತೀವ್ರ ಅಳಿವಿನಂಚಿನ' ಮೆಟ್ಟಿಲಿಗೆ ಏರಿಸಿದರು. ಏರುವುದು ಅಂತ ನಾವು ಹೇಳುವುದೇ ಒಂದು ತಮಾಷೆ.

1994 ಅಂದೆನಲ್ಲ, ಅದನ್ನು ಹಿಡಿದುಕೊಳ್ಳಿ. ಅದೇ ವರ್ಷ ನಮ್ಮ ರಾಜ್ಯದಲ್ಲಿ ಇನ್ನೊಂದು ಬರಹ ಹುಟ್ಟಿತು: ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994. ಕಲ್ಲುಗಣಿ ಗುತ್ತಿಗೆ ಹೇಗೆ ಕೊಡಬೇಕು, ಸರ್ಕಾರಕ್ಕೆ ರಾಜಧನ ಎಷ್ಟು ಬರಬೇಕು ಅಂತ ಹೇಳುವ ನಿಯಮ. ಒಂದು ಕಾಗದ ಫ್ರಾಂಕ್‌ಫರ್ಟಿನಲ್ಲಿ, ಒಂದು ಬೆಂಗಳೂರಿನಲ್ಲಿ. ಎರಡೂ ಅದೇ ಬಂಡೆಗಳ ಬಗ್ಗೆ. ಒಂದಕ್ಕೆ ಇನ್ನೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಕಾಕತಾಳೀಯ, ಅದರಲ್ಲಿ ಯಾರ ಸಂಚೂ ಇಲ್ಲ. ಆದರೆ ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ನಿಯಮದ ಕಣ್ಣಿಗೆ ಗುಡ್ಡ ಅಂದರೆ ಇಷ್ಟು ಟನ್ನು, ಇಷ್ಟು ಘನ ಮೀಟರ್ ಕಲ್ಲು. ಕಲ್ಲಿಗೆ ದರ ಇದೆ. ಕಲ್ಲಿನ ಒಳಗಿನ ಪೊಳ್ಳಿಗೆ ದರ ಇಲ್ಲ. ಅಳೆಯುವವನಿಗೆ ಅದು ಬರೀ ಕಳೆಯುವ ಬಾಬ್ತು. ಬಾವಲಿಯ ಕಣ್ಣಿಗೆ, ಅಥವಾ ಕಿವಿಗೆ ಅನ್ನಿ, ಅದೇ ಉಲ್ಟಾ. ಅದಕ್ಕೆ ಬೇಕಿರುವುದು ಪೊಳ್ಳು. ಕಲ್ಲು ಇರುವುದು ಪೊಳ್ಳನ್ನು ಹಿಡಿದು ನಿಲ್ಲಿಸಲಿಕ್ಕೆ.

ಕಲ್ಲು ಒಡೆಯುವವರನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ನಮ್ಮ ಮನೆಯ ಪಾಯ ಗಾಳಿಯಲ್ಲಿ ಎದ್ದಿಲ್ಲ. ಸೈಜುಗಲ್ಲು, ಚಪ್ಪಡಿ, ದ್ರಾಕ್ಷಿ ತೋಟದ ಕಲ್ಲುಕಂಬ, ರಸ್ತೆಯ ಜಲ್ಲಿ ಎಲ್ಲ ಇಂಥ ಗುಡ್ಡಗಳಿಂದಲೇ ಬಂದದ್ದು. ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಪದರ ಎದ್ದ ಸದ್ದು ಕೇಳಿ, ಉಳಿ ಹಾಕಿ ಸೀಳುವ ಕುಶಲಿಗರನ್ನು ನಾನು ಬೆರಗಿನಿಂದ ನೋಡುತ್ತಾ ನಿಂತಿದ್ದೇನೆ. ಬಂಡೆಯ ನಾಡಿ ಅವರಷ್ಟು ಬಲ್ಲವರಿಲ್ಲ. ಆದರೆ ಹನುಮನಹಳ್ಳಿ ಗವಿಯ ಸುತ್ತ ನಡೆಯುತ್ತಿದ್ದದ್ದು ಅಕ್ರಮ ಗಣಿಗಾರಿಕೆ. ಈ ಜಾತಿಗೆ ಇರುವ ದೊಡ್ಡ ಕಂಟಕ ಅಂತ ತಜ್ಞರು ಬೆರಳಿಟ್ಟು ತೋರಿಸಿದ್ದು ಅದನ್ನೇ.

ಗವಿಯನ್ನೇ ಒಡೆದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಗವಿಯನ್ನು ಬಿಟ್ಟು ಪಕ್ಕದಲ್ಲಿ ಒಡೆದರೆ? ಬಂಡೆಯಲ್ಲಿ ನಡುಕ ದೂರ ಹೋಗುತ್ತದೆ, ಗಾಳಿಗಿಂತ ವೇಗವಾಗಿ ಹೋಗುತ್ತದೆ. ಹಿಂಬದಿಯಲ್ಲಿ ಎಲ್ಲೋ ಒಂದು ಬಿರುಕು ಬಾಯಿ ಬಿಟ್ಟಿತು ಅನ್ನಿ. ಅಲ್ಲಿಯವರೆಗೆ ಒಂದೇ ಬಾಯಿ ಇದ್ದ ಗವಿಗೆ ಎರಡು ಬಾಯಿ ಆಯಿತು. ಗಾಳಿ ಹಾಯಲು ಶುರುವಾಯಿತು. ಮಡಕೆಗೆ ತೂತು ಬಿದ್ದಂತೆ. ಹೊರಗಿನಿಂದ ನೋಡಿದವರಿಗೆ ಗವಿ ಇದ್ದ ಹಾಗೇ ಇದೆ, ಒಂದು ಗುಂಡೂ ಅಲ್ಲಾಡಿಲ್ಲ. ಒಳಗೆ ತೇವ ಹೋಯಿತು. ಬಾವಲಿ ಎದ್ದು ಹೋಯಿತು. ಎಲ್ಲಿಗೆ ಹೋಗಬೇಕು?

ಇನ್ನು ನಡೆದಿರುವ ಒಳ್ಳೆಯ ಕೆಲಸದ ಬಗ್ಗೆ. ಅರಣ್ಯ ಇಲಾಖೆ ಗವಿಯ ಸುತ್ತಲಿನ ಸುಮಾರು 30 ಎಕರೆಯನ್ನು ರಕ್ಷಣೆಗೆ ಒಳಪಡಿಸಿತು. ಬೆಂಗಳೂರಿನ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಇಲಾಖೆಯ ಜೊತೆ ಸೇರಿ ಅಧ್ಯಯನ, ಕಾವಲಿನ ಯೋಜನೆಗೆ ಕೈಹಾಕಿತು. ಕಡಿಮೆ ಖರ್ಚಿನ ಬಾವಲಿ ಪತ್ತೆಯಂತ್ರವನ್ನು ಇಲ್ಲೇ ರೂಪಿಸಿದ್ದೂ ಈ ಬಳಗದವರೇ. 30 ಎಕರೆ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಮಾವಿನ ತೋಪು. ಒಂದು ಇಡೀ ಜಾತಿಗೆ ಅಷ್ಟು ಸಾಕಾ? ಮಲಗುವ ಕೋಣೆಗೆ ಸಾಕು. ಊಟದ ಜಾಗ ಅದರಾಚೆ ಇದೆ. ಹೊಲದ ಬದು, ಕುರುಚಲು ಕಾಡು, ಕೆರೆಯಂಗಳ, ಅಲ್ಲೆಲ್ಲ ಹುಳು ಇದ್ದರೆ ತಾನೇ ಇದು ಇರುವುದು.

ಕಾನೂನಿನ ಬಗ್ಗೆ ಒಂದು ಮಾತು, ನಗು ಬರುತ್ತದೆ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಹಳ ಕಾಲ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿಯ ಪಂಕ್ತಿಯಲ್ಲಿ, ಎಲೆ ಹಾಕಿಸಿಕೊಂಡಿದ್ದ ಬಾವಲಿಗಳು ಎರಡೇ. ಒಂದು ಸಲೀಂ ಅಲಿ ಹಣ್ಣುಬಾವಲಿ. ಅದನ್ನು 1948ರಲ್ಲಿ ತಮಿಳುನಾಡಿನ ಥೇಣಿಯ ಬೆಟ್ಟಗಳಲ್ಲಿ ಹಿಡಿದು, ಬೇರಾವುದೋ ಬಾವಲಿ ಅಂತ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು. 1972ರಲ್ಲಿ ಥಾಯ್ಲೆಂಡಿನ ಕಿಟ್ಟಿ ಥೊಂಗ್ಲೊಂಗ್ಯ ಪೆಟ್ಟಿಗೆ ತೆರೆದು ನೋಡಿ, ಇದು ಹೊಸ ಜಾತಿ ಮಾತ್ರವಲ್ಲ, ಹೊಸ ಕುಲ ಅಂದರು. ಇನ್ನೊಂದು ನಮ್ಮದೇ ಬೆಳಗಾವಿ ಜಿಲ್ಲೆಯದು. ಭೀಮಗಡ ಕಾಡಿನ ಬಾರಾಪೆಡೆ ಗುಹೆಯ ರಾಟನ್ ಬಾವಲಿ, 1913ರಲ್ಲಿ ಹೆಸರಾದದ್ದು. ಬಹುಕಾಲ ಅದಕ್ಕೂ ಒಂದೇ ಗುಹೆ ಅಂದುಕೊಂಡಿದ್ದರು, ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕೂಡ ಸಿಕ್ಕಿತು. ಹಣ್ಣು ತಿನ್ನುವ ಉಳಿದ ಬಾವಲಿಗಳೆಲ್ಲ ಐದನೇ ಅನುಸೂಚಿಯಲ್ಲಿ, ಕಾಗೆ, ಇಲಿಗಳ ಜೊತೆ 'ಉಪದ್ರವಿ' ಪಟ್ಟಿಯಲ್ಲಿ ಇದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಕೋಲಾರದ ಬಾವಲಿಗೆ ಆ ಹಳೆಯ ಪಂಕ್ತಿಯಲ್ಲಿ ಎಲೆಯೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಬಾರಾಪೆಡೆಯ ಕಥೆ ಕೇಳಿ ನಮ್ಮದೂ ಇನ್ನೆಲ್ಲೋ ಇರಬಹುದು ಅಂತ ಆಸೆಪಡುವವರಿದ್ದಾರೆ. ಆಸೆ ಇರಲಿ. ಆದರೆ ಆ ಆಸೆಯನ್ನು ನಂಬಿ ಈ ಗವಿಯನ್ನು ಸಡಿಲ ಬಿಡುವ ಹಾಗಿಲ್ಲ.

ನನ್ನ ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ಪ್ರಶ್ನೆ ಇದ್ದರೆ ಕೇಳಿ.

"ಇದರಿಂದ ನಮಗೇನು ಉಪಯೋಗ ಮೇಷ್ಟ್ರೇ?"

ಬೆಳೆಗೆ ಬೀಳುವ ಹುಳ ತಿನ್ನುತ್ತೆ ಅಂತ ಹೇಳಿ ನಿಮ್ಮನ್ನು ಒಪ್ಪಿಸಬಹುದು. ಹುಳ ತಿನ್ನುವ ಬಾವಲಿಗಳ ಇಡೀ ಬಳಗಕ್ಕೆ ಆ ಮಾತು ನಿಜ ಕೂಡ. ಆದರೆ ಈ ಇನ್ನೂರು ಬಾವಲಿ ಕೋಲಾರದ ಟೊಮೆಟೊ ಉಳಿಸುತ್ತವೆ ಅಂದರೆ ಅದು ಸುಳ್ಳಾಗುತ್ತದೆ. ಉಪಯೋಗದ ತಕ್ಕಡಿಯಲ್ಲಿ ಇಟ್ಟರೆ ಇದು ಕಲ್ಲಿನ ಮುಂದೆ ಸೋಲುತ್ತದೆ, ಪ್ರತಿ ಸಲವೂ ಸೋಲುತ್ತದೆ. ಅದಕ್ಕೇ ನಾನು ಆ ತಕ್ಕಡಿಗೆ ಹಾಕುವುದಿಲ್ಲ. ನೀವು ಒಪ್ಪಲೇಬೇಕು ಅಂತೇನಿಲ್ಲ.

"ಹಿಡಿದು ಬೇರೆ ಗವಿಗೆ ಬಿಟ್ಟರೆ? ಇಲ್ಲಾ ಮೃಗಾಲಯದಲ್ಲಿ ಸಾಕಿದರೆ?"

ಹಣ್ಣುಬಾವಲಿಗಾದರೆ ಬಾಳೆಹಣ್ಣು ನೇತುಹಾಕಬಹುದು. ಹಾರುತ್ತಾ ಹುಳು ಹಿಡಿಯುವ ಎಲೆಮೂಗಿನದನ್ನು ಸಾಕುವುದು ಬಹಳ ಕಷ್ಟ. ರಾತ್ರಿಯಿಡೀ ಜೀವಂತ ಹುಳು ಹಾರಿಬಿಡುತ್ತಾ ಕೂರಬೇಕು. ಬೇರೆ ಗವಿ ಅಂತೀರಾ, ನಮಗೆ ಚೆನ್ನಾಗಿ ಕಂಡದ್ದು ಅದಕ್ಕೆ ಚೆನ್ನಾಗಿರಬೇಕಲ್ಲ. ಪಕ್ಕದಲ್ಲೇ ಎಷ್ಟೋ ಸಂದುಗಳಿದ್ದರೂ ಇದು ಆ ಒಂದನ್ನು ಹಿಡಿದು ಕೂತಿದೆ ಅಂದರೆ ಅದರ ಲೆಕ್ಕ ಬೇರೆಯೇ ಇದೆ. ಜೊತೆಗೆ, ಇನ್ನೂರರಲ್ಲಿ ಹತ್ತನ್ನು ಹಿಡಿಯುವಾಗ ಐದು ಸತ್ತರೂ ಅದು ದೊಡ್ಡ ನಷ್ಟ.

"ಬಾವಲಿ ಅಂದರೆ ಕಾಯಿಲೆ ಅಂತಾರಲ್ಲ, ಹತ್ತಿರ ಇರುವವರಿಗೆ ಅಪಾಯ ಇಲ್ಲವೇ?"

2018ರಲ್ಲಿ ಕೇರಳಕ್ಕೆ ನಿಫಾ ಬಂದಾಗ ಹೆಸರು ಬಂದದ್ದು ದೊಡ್ಡ ಹಣ್ಣುಬಾವಲಿಯದು. ಕೊರೊನಾ ಹೊತ್ತಿನಲ್ಲಿ ಮಾತ್ರ ಎಲ್ಲ ಬಾವಲಿಗಳ ಮೇಲೂ ಕಲ್ಲು ಬಿತ್ತು, 2020ರ ಏಪ್ರಿಲಿನಲ್ಲಿ ದಕ್ಷಿಣ ಏಷ್ಯಾದ ಬಾವಲಿ ತಜ್ಞರು ಸೇರಿ ಇವುಗಳಿಂದ ಆ ರೋಗ ಹರಡುತ್ತಿಲ್ಲ ಅಂತ ಹೇಳಿಕೆ ಕೊಡಬೇಕಾಯಿತು. ಯಾವುದೇ ಕಾಡುಪ್ರಾಣಿಯಂತೆ ಇದನ್ನೂ ಬರಿಗೈಯಲ್ಲಿ ಮುಟ್ಟಬಾರದು. ಹಿಕ್ಕೆಯ ದೂಳಿನಲ್ಲಿ ಹೊರಳಾಡಬಾರದು. ಕಚ್ಚಿದರೆ ತೊಳೆದು ಆಸ್ಪತ್ರೆಗೆ ಹೋಗಬೇಕು. ನೀವು ಅದರ ಮನೆಗೆ ಹೋಗದಿದ್ದರೆ ಅದು ನಿಮ್ಮ ಮನೆಗೆ ಬರುವ ಪೈಕಿ ಅಲ್ಲ.

"ನಮ್ಮ ಹಳೇ ಮನೆ ಹೆಂಚಿನ ಸಂದಿಯಲ್ಲಿ ಸಣ್ಣ ಬಾವಲಿ ಇದಾವೆ, ಅದೇನಾ ಇದು?"

ಅಲ್ಲಮ್ಮ, ಅದು ಬಹುಶಃ ಪಿಪಿಸ್ಟ್ರೆಲ್ ಅನ್ನುವ ಪುಟ್ಟ ಬಾವಲಿ. ಊರೂರಲ್ಲೂ ಇದೆ. ಇರಲಿ ಬಿಡಿ, ಸೊಳ್ಳೆ ತಿನ್ನುತ್ತೆ.

"ಸಾರ್, ಗವಿಗೆ ನಮ್ಮನ್ನೂ ಕರ್ಕೊಂಡು ಹೋಗ್ತೀರಾ?"

ಇಲ್ಲಪ್ಪ. ನಾನೂ ಆ ಗವಿಯೊಳಗೆ ಕಾಲಿಟ್ಟವನಲ್ಲ. ಈ ಬಾವಲಿಯನ್ನು ಜೀವಂತವಾಗಿ ಕಣ್ಣಾರೆ ಕಂಡವನೂ ಅಲ್ಲ. ಬೇಕಾದರೆ ಒಂದು ಶನಿವಾರ ಅಂತರಗಂಗೆ ಕಡೆ ಹೋಗೋಣ, ಯಂತ್ರ ತರುತ್ತೇನೆ. ಅಲ್ಲಿ ಬೇರೆ ಬಾವಲಿಗಳಿವೆ. ಬೆಂಗಳೂರಿನಿಂದ ರಾತ್ರಿ ಚಾರಣಕ್ಕೆ ಬರುವವರು ಬೆಂಕಿ ಹಾಕಿಕೊಂಡು ಪಾರ್ಟಿ ಮಾಡುವ ಮುಂಚೆ, ಹೊತ್ತು ಮುಳುಗುವಷ್ಟರಲ್ಲಿ ಬಂಡೆಯ ಕೆಳಗೆ ಸುಮ್ಮನೆ ಕೂತರೆ ಸಾಕು. ಗವಿಯೊಳಗೆ ಟಾರ್ಚ್ ಬಿಡಬಾರದು, ಮೊಬೈಲೂ ಜೇಬಿನಲ್ಲಿರಬೇಕು. ಸ್ವೆಟರ್ ಮರೀಬೇಡಿ, ಮೇಲೆ ಗಾಳಿ ಜಾಸ್ತಿ.